ಬೈಪಾಸಿನ ಮೇಲೊಂದು ಚುಕ್ಕಿ

ನಮ್ಮ ಕಡೆಯ ಜನಕ್ಕೆ ಒಂದು ಹಟ. ಇದ್ದದ್ದು ಹೋದರೂ ಹೆಸರು ಬಿಡುವುದಿಲ್ಲ. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟ ಬಸ್ಸು ರಾಜೇಶ್ವರ ದಾಟಿದ ಮೇಲೆ ಬಯಲಲ್ಲಿ ಒಂದು ಕಡೆ ನಿಲ್ಲುತ್ತದೆ. ಅಲ್ಲಿ ಮನೆಯಿಲ್ಲ, ಮರವಿಲ್ಲ, ತಲೆ ಮರೆಸಲು ಒಂದು ತಗಡಿನ ಚೂರೂ ಇಲ್ಲ. ಕಂಡಕ್ಟರ್ ಮಾತ್ರ ಬಾಗಿಲು ಬಡಿದು, "ಅಲ್ಲಾಬಕ್ಷ! ಯಾರದೀರಿ ಅಲ್ಲಾಬಕ್ಷ, ಇಳೀರಿ ಜಲ್ದಿ!" ಎಂದು ಕೂಗುತ್ತಾನೆ. ಒಂದು ಕಾಲಕ್ಕೆ ಅಲ್ಲಿ ಅಲ್ಲಾಬಕ್ಷನ ಪಂಕ್ಚರ್ ಅಂಗಡಿ ಇತ್ತು. ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು, ಅಲ್ಲಾಬಕ್ಷ ಜಹೀರಾಬಾದಿನ ಮಗಳ ಮನೆಗೆ ಹೋದ. ಅವನು ಇದ್ದಾನೋ ಇಲ್ಲವೋ ಇಳಿಯುವವರಿಗೂ ಗೊತ್ತಿಲ್ಲ, ಕೂಗುವವನಿಗೂ ಗೊತ್ತಿಲ್ಲ. ಇಂಥ ಸೀಮೆಯಲ್ಲಿ ಕೂತು ರಸ್ತೆಗಳನ್ನು ಹಸನು ಮಾಡುತ್ತೇನೆಂದು ಹೊರಟರೆ ಬೈಗುಳ ತಿನ್ನದೆ ಇರಲಾದೀತೆ? ಆಮ್ರಪಾಲಿಯೂ ತಿಂದಳು.

ಆಮ್ರಪಾಲಿ ದುಬಲಗುಂಡಿಯ ಹುಡುಗಿ. ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯಲ್ಲಿ ಮಾಲು ಹೊರಡಿಸುವ ವಿಭಾಗದ ಕೆಲಸ ಅವಳದು. ಯಾವ ಲಾರಿ ಎಲ್ಲಿಗೆ, ಯಾವ ದಾರಿಯಲ್ಲಿ ಎಂದು ದಿನವಿಡೀ ಕಂಪ್ಯೂಟರಿಗೆ ಹಾಕುವುದು. ಅಷ್ಟು ಸಾಲದೆಂಬಂತೆ ಸಂಜೆ ರೂಮಿಗೆ ಬಂದ ಮೇಲೂ ರಸ್ತೆಯೇ. ರಸ್ತೆಯ ಹುಚ್ಚು ಹಿಡಿದ ಜನ ಊರೂರುಗಳಲ್ಲಿದ್ದಾರೆ, ದೇಶ ದೇಶಗಳಲ್ಲಿದ್ದಾರೆ. ಅವರೆಲ್ಲ ಸೇರಿ ಇಂಟರ್ನೆಟ್ಟಿನಲ್ಲಿ ಹೆದ್ದಾರಿಗಳ ನಕ್ಷೆಯೊಂದನ್ನು ಕಟ್ಟುತ್ತಿದ್ದಾರೆ. ಸಂಬಳವಿಲ್ಲ, ಸನ್ಮಾನವಿಲ್ಲ, ಬರೀ ಖಯಾಲಿ. ಒಂದೊಂದು ಹೆದ್ದಾರಿಯೂ ಅಲ್ಲಿ ಸಾಲಾಗಿ ಪೋಣಿಸಿದ ಚುಕ್ಕಿಗಳು. ಒಂದು ರಸ್ತೆಗೆ ಇನ್ನೊಂದು ಬಂದು ಕೂಡುವಲ್ಲಿ ಒಂದು ಚುಕ್ಕಿ, ಅದಕ್ಕೊಂದು ಹೆಸರು. ಸದಸ್ಯರಾದವರು ತಾವು ಯಾವ ಚುಕ್ಕಿಯಿಂದ ಯಾವ ಚುಕ್ಕಿಯವರೆಗೆ ಪ್ರಯಾಣ ಮಾಡಿದ್ದೇವೆಂದು ಹಾಕಿದರೆ ಅಷ್ಟು ದೂರ ರಸ್ತೆಗೆ ಕೆಂಪು ಬಣ್ಣ ಏರುತ್ತದೆ. ಹೋಗದ ರಸ್ತೆ ಬೂದಿ ಬಣ್ಣದಲ್ಲಿ ಉಳಿಯುತ್ತದೆ. ಹೋಗಿದ್ದೀಯೋ ಇಲ್ಲವೋ ಎಂದು ಯಾರೂ ಸಾಕ್ಷಿ ಕೇಳುವುದಿಲ್ಲ. ಅವರವರ ಮನಸ್ಸೇ ಅವರಿಗೆ ಸಾಕ್ಷಿ.

ಬೀದರ್ ಜಿಲ್ಲೆಯ ಹೆದ್ದಾರಿಗಳನ್ನು ಹಸನು ಮಾಡುವ ಜವಾಬ್ದಾರಿ ಆಮ್ರಪಾಲಿಗೆ ಬಂದಿತ್ತು. ಹಿಂದೆ ಯಾರೋ ಅವಸರದಲ್ಲಿ ಹಾಕಿಟ್ಟ ಚುಕ್ಕಿಗಳಲ್ಲಿ ಕೆಲವು ಹೊಲದೊಳಗೆ ಬಿದ್ದಿದ್ದವು, ಕೆಲವಕ್ಕೆ ಹೆಸರು ತಪ್ಪಿತ್ತು, ಕೆಲವು ಹೆದ್ದಾರಿಗಳ ನಂಬರೇ ಬದಲಾಗಿತ್ತು. ಅವಳು ಮೊರದಲ್ಲಿ ಜೋಳ ಹಾಕಿಕೊಂಡು ಕೂತವಳ ಹಾಗೆ ಒಂದೊಂದೇ ಹರಳು ಹೆಕ್ಕಿ ಎಸೆಯುತ್ತಿದ್ದಳು. ಅವಳ ಮೇಲೆ ದಕ್ಷಿಣ ಭಾರತವನ್ನೆಲ್ಲ ನೋಡಿಕೊಳ್ಳುವವರು ಪೇಠಕರ್ ಎಂಬ ನಾಸಿಕದ ನಿವೃತ್ತ ಗಣಿತದ ಮಾಸ್ತರರು. ಅವರು ಕಲಿಸಿದ ಕಾನೂನು ಎರಡೇ. ರಸ್ತೆಗೆ ರಸ್ತೆ ಕೂಡದ ಜಾಗದಲ್ಲಿ ಚುಕ್ಕಿ ಇರಕೂಡದು. ಇನ್ನೊಂದು, ಒಬ್ಬನೇ ಒಬ್ಬ ಸದಸ್ಯನ ಪ್ರಯಾಣ ಒಂದು ಚುಕ್ಕಿಯಲ್ಲಿ ಶುರುವಾಗಿದ್ದರೂ, ಮುಗಿದಿದ್ದರೂ, ಆ ಚುಕ್ಕಿಯನ್ನು ಯಾರೂ ತೆಗೆಯಕೂಡದು.

ಅಲ್ಲಾಬಕ್ಷನ ಹೆಸರಿನಲ್ಲೂ ಒಂದು ಚುಕ್ಕಿ ಇತ್ತು. ಅಲ್ಲಿ ಯಾವ ರಸ್ತೆಯೂ ಕೂಡುವುದಿಲ್ಲ, ಯಾರ ಪ್ರಯಾಣವೂ ಅಲ್ಲಿ ನಿಂತಿಲ್ಲ. ಆಮ್ರಪಾಲಿ ತೆಗೆದು ಹಾಕಿದಳು. ಬೈಗುಳ ಬಂದದ್ದು ಅದಕ್ಕೇ, ಅವಳ ಬಾಯಿಂದಲೇ ಸುದ್ದಿ ಕೇಳಿ ಬೈದವನು ದಿಗಂಬರ ಕಾಕಾ.

"ಅಲ್ಲಾಬಕ್ಷನ್ನ ಯಾಕ ತೆಗದಿ?"

"ಅಲ್ಲಿ ಏನೂ ಇಲ್ಲಲ್ರಿ ಕಾಕಾ."

"ಏನೂ ಇಲ್ಲ ಅಂದ್ರ? ನನ್ನ ಗಾಡಿ ಆಕ್ಸಲ್ ಮುರದದ್ದು ಅಲ್ಲೇ. ಎರಡು ದಿನ ಅಂವನ ಮನಿ ರೊಟ್ಟಿ ತಿಂದೀನಿ. ಏನೂ ಇಲ್ಲಂತ! ನೀ ಹುಟ್ಟೂಕಿನ ಮೊದಲಿನ ಮಾತು ಅದು, ನಿನಗೇನು ಗೊತ್ತದ?"

ದಿಗಂಬರ ಆಮ್ರಪಾಲಿಯ ಅಪ್ಪನ ತಮ್ಮ. ಅಣ್ಣ ಕಂಡವರ ಹೊಲದಲ್ಲಿ ಕಳೆ ತೆಗೆದುಕೊಂಡು ಊರಲ್ಲೇ ಉಳಿದರೆ, ತಮ್ಮ ಮೀಸೆ ಮೂಡುವ ಮೊದಲೇ ಲಾರಿ ಹತ್ತಿ ಹೋದ. ಮೊದಲು ಕ್ಲೀನರ್, ಆಮೇಲೆ ಡ್ರೈವರ್, ಕೊನೆಗೆ ಬಸವಕಲ್ಯಾಣದಲ್ಲಿ ಮನೆ ಮಾಡಿ ಹುಲಸೂರಿಗೆ ಸ್ವಂತ ಕ್ರೂಸರ್ ಜೀಪು ಓಡಿಸಿದ. ಆಮ್ರಪಾಲಿಯನ್ನು ಕಾಲೇಜಿಗೆ ಸೇರಿಸಲು ಅದೇ ಕ್ರೂಸರಿನಲ್ಲಿ ಮುಂದಿನ ಸೀಟಿಗೆ ಕೂರಿಸಿಕೊಂಡು ಹೋದವನು ಅವನೇ. ಆಮೇಲೆ ಕಣ್ಣಿಗೆ ಕಾಚಬಿಂದು ಎಂಬ ರೋಗ ಬಂತು. ಒಂದು ಕಣ್ಣು ಪೂರಾ ಹೋಯಿತು, ಇನ್ನೊಂದು ಚೆನ್ನಾಗಿದೆಯೆಂದು ಅವನೇ ಹೇಳಿದ, ಮನೆಯವರು ನಂಬಿದರು. ಕ್ರೂಸರ್ ಮಾರಿದ ಮೇಲೆ ಮನುಷ್ಯ ಮನೆಯಲ್ಲಿ ಕೂತ. ಕೂತವನು ಸುಮ್ಮನಿರುತ್ತಾನೆಯೇ? ಒಲೆಯ ಮುಂದೆ ನಿಂತು ಹೆಂಡತಿ ಸೋನುಬಾಯಿಗೆ ಒಗ್ಗರಣೆ ಹಾಕುವುದು ಹೇಗೆಂದು ಪಾಠ ಹೇಳತೊಡಗಿದ. ಆ ತಾಯಿ ತಾಳುವಷ್ಟು ತಾಳಿ, "ಆಮ್ರಾ, ಇವರಿಗೊಂದು ಉದ್ಯೋಗ ಹಚ್ಚವ್ವಾ, ಇಲ್ಲಂದ್ರ ನಾ ತವರಿಗೆ ಹೋಗ್ತೀನಿ" ಎಂದು ಫೋನು ಮಾಡಿದಳು.

ಆಮ್ರಪಾಲಿ ಹಚ್ಚಿದ ಉದ್ಯೋಗ ಈ ನಕ್ಷೆಯದು. ಭಾನುವಾರಕ್ಕೊಮ್ಮೆ ಬಂದು ಕಾಕಾನ ಹೆಸರಿನಲ್ಲಿ, ಅವನು ಹೇಳುತ್ತ ಹೋದ ಹಾಗೆ, ಓಡಿಸಿದ ರಸ್ತೆಗಳನ್ನು ತುಂಬಿದಳು. ಔರಾದಿನ ದಾರಿ, ಭಾಲ್ಕಿಯ ದಾರಿ, ಚಿಟಗುಪ್ಪದ ದಾರಿ, ಗಡಿಯಿಂದ ಗಡಿಗೆ ಸೊಲ್ಲಾಪುರ ಹೈದರಾಬಾದ್ ಹೆದ್ದಾರಿ. ಒಂದೊಂದು ದಾರಿಗೂ ಒಂದೊಂದು ಕತೆ, ಕತೆಗೊಂದು ಉಪಕತೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೀದರ್ ಜಿಲ್ಲೆಯ ಹೆದ್ದಾರಿಗಳೆಲ್ಲ ಕೆಂಪಾದವು. ಇಡೀ ನಕ್ಷೆಯಲ್ಲಿ ಈ ಜಿಲ್ಲೆ ಪೂರಾ ಮಾಡಿದ ಸದಸ್ಯ ಅವನೊಬ್ಬನೇ. ಬಸ್‌ಸ್ಟ್ಯಾಂಡ್ ಎದುರು ಚಹಾದ ಹೋಟೆಲ್ ಇಟ್ಟಿರುವ ಆಸಿಫ್ ಹಿಂದೆ ಇವನ ಲಾರಿಯಲ್ಲೇ ಕ್ಲೀನರ್ ಆಗಿದ್ದವನು. ಆ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಭಜಿಯ ಹೊಗೆ ತಾಗದ ಕಡೆ ನೋಡಿ ಗೋಡೆಗೆ ಅಂಟಿಸಿದ. ದಿನಾ ಮುಂಜಾನೆ ದಿಗಂಬರ ಅದರ ಕೆಳಗೇ ಕೂರುವುದು. ಹೊಸ ಗಿರಾಕಿ ಬಂದರೆ ಆಸಿಫ್ ಕೇಳದೆಯೇ ಹೇಳುತ್ತಿದ್ದ: "ನಮ್ಮ ಉಸ್ತಾದ್. ಪೂರಾ ಜಿಲ್ಲಾ ಕೈಯಾಗ ಓಡಿಸ್ಯಾರ. ಒಂದ ರಸ್ತಾ ಬಾಕಿ ಇಲ್ಲ." ಉಸ್ತಾದ್ ಕೇಳಿಸದವನ ಹಾಗೆ, ಒಂದಿಷ್ಟು ಹೊರಗೆ ಚೆಲ್ಲುತ್ತ, ಬಸಿಗೆ ಚಹಾ ಸುರಿದುಕೊಂಡು ಊದುತ್ತಿದ್ದ. ಆ ಮುಖದ ಖುಷಿಯನ್ನು ಮುಚ್ಚಲು ಬಸಿ ಸಾಲುತ್ತಿರಲಿಲ್ಲ.

ಹೀಗಿರುವಾಗ ಪೇಠಕರ್ ಮಾಸ್ತರರ ಸಂದೇಶ ಬಂತು.

ಹುಮನಾಬಾದಿಗೆ ಬೈಪಾಸ್ ಆದ ಮೇಲೆ ಹೆದ್ದಾರಿಯ ನಂಬರು ಊರೊಳಗಿನ ರಸ್ತೆಯನ್ನು ಬಿಟ್ಟು ಬೈಪಾಸಿಗೆ ಹೋಗಿತ್ತು. ಆಮ್ರಪಾಲಿ ನಕ್ಷೆಯಲ್ಲೂ ಹಾಗೇ ಸರಿಸಿದ್ದಳು. ಅಲ್ಲೇ ಎಡವಿದ್ದು. ಕಾಕಾನ ಪ್ರಯಾಣವನ್ನು ಈ ಗಡಿಯಿಂದ ಆ ಗಡಿಗೆ ಎಂದು ಒಂದೇ ಸಲ ಹಾಕಿಬಿಟ್ಟಿದ್ದಳಲ್ಲ, ನಡುವಿನ ದಾರಿ ಊರ ಹೊರಗೆ ಸರಿದಾಗ ಕಾಕಾನ ಕೆಂಪು ಬಣ್ಣವೂ ಸದ್ದಿಲ್ಲದೆ ಅದರ ಜೊತೆಗೆ ಸರಿಯಿತು. "ಹಳೆಯ ಊರೊಳಗಿನ ರಸ್ತೆಯನ್ನು ಬೇರೆಯಾಗಿ ಉಳಿಸಿ, ಅದನ್ನು ಓಡಿದವರಿಗೆ ಅದನ್ನೇ ಕೊಡಿ" ಎಂದು ಮಾಸ್ತರರು ಬರೆದಿದ್ದರು. "ಬೈಪಾಸಿನಲ್ಲಿ ಹೋಗದವರ ಹೆಸರಿಗೆ ಬೈಪಾಸ್ ಬಿದ್ದಿದ್ದರೆ ಅವರನ್ನೇ ಕೇಳಿ ಸರಿಪಡಿಸಿ." ಹಾಗೆ ಬಿದ್ದಿದ್ದ ಹೆಸರು ಒಂದೇ. ಬೈಪಾಸನ್ನು ಸಂಚಾರಕ್ಕೆ ತೆರೆಯುವ ಹೊತ್ತಿಗೆ ಕಾಕಾ ಕ್ರೂಸರ್ ಮಾರಿ ಆಗಿತ್ತು. ಓಡಿಸದ ರಸ್ತೆ ಅವನ ಹೆಸರಲ್ಲಿ ಕೆಂಪಗೆ ಹೊಳೆಯುತ್ತಿತ್ತು, ಆಸಿಫನ ಗೋಡೆಯ ಮೇಲೂ.

ಸುಮ್ಮನಿದ್ದರೆ ಯಾರಿಗೆ ತಿಳಿಯುತ್ತಿತ್ತು? ಮಾಸ್ತರರು ನಾಸಿಕದಲ್ಲಿ, ಕಾಕಾ ಚಹಾದ ಮುಂದೆ. ಆಮ್ರಪಾಲಿಗೆ ಅತ್ತ ದರಿ, ಇತ್ತ ಪುಲಿ. ಕೆಲವು ದಿನ ಆ ಸಂದೇಶವನ್ನು ತೆರೆಯುವುದು, ಮುಚ್ಚುವುದು ಮಾಡಿದಳು. ಜಿಲ್ಲೆಯ ತುಂಬ ಕಂಡವರ ಚುಕ್ಕಿ ಹೆಕ್ಕಿ ಎಸೆದ ಕೈಗೆ ಮನೆಯವರ ಹರಳು ಮಾತ್ರ ಕಾಣಬಾರದೆಂದರೆ ಹೇಗೆ? ಅದು ಅವಳ ಜೀವಕ್ಕೆ ಒಗ್ಗಲಿಲ್ಲ. ಭಾನುವಾರ ಬಸವಕಲ್ಯಾಣಕ್ಕೆ ಹೋಗಿ, ಹೋಟೆಲಿನಲ್ಲಿ ಬೇಡವೆಂದು ಮನೆಗೆ ಕರೆತಂದು, ಕಾಕಾನ ಮುಂದೆ ಎಲ್ಲ ಹೇಳಿದಳು.

ದಿಗಂಬರ ಮೊದಲು ನಕ್ಕ. ಆಮೇಲೆ ಸಿಟ್ಟಿಗೆದ್ದ.

"ಬೈಪಾಸ್ ಅಂದ್ರ ರಸ್ತಾ ಏನು ಅದು? ಊರಿಗೆ ಬೆನ್ನ ತೋರಿಸಿ ಓಡೋದು. ನಾ ಊರಾಗಿಂದ ಹೋಗೀನಿ, ಆ ಸಂದಣಿಯಾಗ, ಒಂದು ಕೋಳಿ ಮರಿಗೂ ಗಾಲಿ ಹಚ್ಚಿಲ್ಲ. ಅದು ಖರೇ ರಸ್ತಾ."

"ಅದು ನಿಮ್ಮ ಹೆಸರಿಲೆ ಇದ್ದೇ ಇರ್ತದ್ರಿ. ಇದು ಬ್ಯಾರೆ. ಇದರಾಗ ನೀವು ಹೋಗಿಲ್ಲ."

"ಇಲ್ಲ," ಎಂದ ದಿಗಂಬರ, ಧ್ವನಿ ತಗ್ಗಿಸಿ. "ಹೋಗಿಲ್ಲ. ಸುಳ್ಳ್ಯಾಕ ಹೇಳ್ಲಿ."

"ಅದಕ್ಕೇನು ಫಿಕರ್ ಮಾಡಬ್ಯಾಡ್ರಿ. ನನ್ನ ಸ್ಕೂಟಿ ಮ್ಯಾಲ ಹಿಂದ ಕುಂದರ್ರಿ, ಈ ತುದಿಲಿಂದ ಆ ತುದಿಗೆ ಒಯ್ತೀನಿ. ಕುಂತು ಹೋದರೂ ನಡೀತದ, ಕಾನೂನಿನಾಗ ಅದ. ಪೂರಾ ಅಂದ್ರ ಪೂರಾ."

"ಕುಂತು ಹೋದದ್ದು ಓಡಿಸಿದಂಗ ಆತೇನು? ಹಂಗಾದ್ರ ನನ್ನ ಲಾರಿ ಮ್ಯಾಲಿನ ತೊಗರಿ ಚೀಲಾನೂ ಜಿಲ್ಲಾ ಪೂರಾ ಮಾಡ್ಯಾವ. ಅವುರದೂ ಪ್ರಿಂಟ್ ತೆಗಸು, ಆಸಿಫ ಅಂಟಸ್ತಾನ." ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ನಾ ಓಡಸ್ತೀನಿ," ಎಂದ.

ಆಮ್ರಪಾಲಿ ಬೇಡವೆಂದಳು. ನಾಲ್ಕು ಸಲ ಬೇಡವೆಂದಳು. ಅಷ್ಟರಲ್ಲಿ ಅವನು ಎದ್ದು ಹೋಟೆಲಿಗೆ ಹೋಗಿ, ಆಸಿಫ್ "ಅರೇ ಉಸ್ತಾದ್, ಕ್ಯಾ ಹುವಾ" ಎನ್ನುತ್ತಿರುವಾಗಲೇ, ಗೋಡೆಯ ಪ್ರಿಂಟನ್ನು ಮೂಲೆ ಹರಿಯದ ಹಾಗೆ ಬಿಡಿಸಿ, ಸುರುಳಿ ಸುತ್ತಿ ತಂದ. ಅದನ್ನು ಕಪಾಟಿನ ಮೇಲಿಟ್ಟು ಗೋಡೆಗೆ ಮುಖ ಮಾಡಿ ಮಲಗಿಕೊಂಡ. ಆ ಬೆನ್ನನ್ನು ನೋಡುತ್ತ ಆಮ್ರಪಾಲಿ ಬಾಗಿಲಲ್ಲೇ ನಿಂತಳು. ಕೊಟ್ಟವಳೂ ತಾನೇ, ಕಿತ್ತವಳೂ ತಾನೇ. ಬುದ್ಧಿ ಹೇಳಬೇಕಾದವಳು ಸೋತಳು. "ಬರೂ ಐತವಾರ ಮುಂಜಾನಿ ಬರ್ರಿ ಕಾಕಾ. ಗಾಡಿ ಕಮ್ಮಿ ಇರ್ತಾವ" ಎಂದಳು. ಬಸ್ಸಿಗೆ ಬಿಡಲು ಬಂದ ಸೋನುಬಾಯಿ ಅವಳ ಕೈ ಹಿಡಿದು, "ಆಮ್ರಾ, ಹಿಂದ ಕುಂತೂಕಿ ಕಣ್ಣ ತೆರದು ಕುಂದ್ರು" ಎಂದಷ್ಟೇ ಹೇಳಿದಳು. ಇದೇನು, ಎಲ್ಲರೂ ಹೇಳುವ ಮಾತು ಎಂದು ಆಮ್ರಪಾಲಿ ಅಂದುಕೊಂಡಳು.

ಮುಂದಿನ ಭಾನುವಾರ ದಿಗಂಬರ ಇಸ್ತ್ರಿಯ ಅಂಗಿ ತೊಟ್ಟು ಮೊದಲ ಬಸ್ಸಿಗೇ ಬಂದ. ಬೈಪಾಸ್ ಹೆದ್ದಾರಿಯಿಂದ ಕವಲೊಡೆಯುವ ಜಾಗಕ್ಕೆ ಆಮ್ರಪಾಲಿ ಅವನನ್ನು ಕರೆದೊಯ್ದು ಸ್ಕೂಟಿ ನಿಲ್ಲಿಸಿದಳು. ಹೆಲ್ಮೆಟ್ಟಿಗೆ ಒಂದಿಷ್ಟು ಜಗಳವಾಯಿತು. ಲಾರಿಯವನಿಗೆ ತಲೆಗೆ ಟವೆಲ್ ಸಾಕೆಂದು ಅವನ ವಾದ. ಕೊನೆಗೆ ಟವೆಲ್ಲಿನ ಮೇಲೆಯೇ ಹೆಲ್ಮೆಟ್ ಏರಿತು. ಅವನು ಹ್ಯಾಂಡಲ್ ಹಿಡಿದ, ಅವಳು ಹಿಂದೆ ಕೂತಳು, ಗಾಡಿ ಹೊರಟಿತು.

ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ಸುಳ್ಳಲ್ಲ. ಅಷ್ಟು ವರ್ಷದ ಕೈ, ರಸ್ತೆ ಸಿಕ್ಕಿದ್ದೇ ನೆಟ್ಟಗಾಯಿತು. ಎಡ ಅಂಚು ಬಿಡದೆ, ಒಂದೇ ವೇಗದಲ್ಲಿ, ಕುಲುಕಿಲ್ಲದೆ ಸ್ಕೂಟಿ ಓಡಿತು. ಎರಡೂ ಕಡೆ ತೊಗರಿ ಹೂವಿಗೆ ಬಂದಿತ್ತು. "ಹಗರ ಅದ ಗಾಡಿ, ಸೈಕಲ್ ಇದ್ದಂಗ!" ಎಂದು ಅವನು ಗಾಳಿಯಲ್ಲಿ ಕೂಗಿದ. ಆಮ್ರಪಾಲಿಗೂ ಹೆದರಿಕೆ ಇಳಿಯಿತು. ಇನ್ನೇನು ಅರ್ಧ ದಾರಿ ಬಂದಿರಬೇಕು, ಮುಂದೆ ಎಡ ಅಂಚಿನಲ್ಲೇ ಟೈರ್ ಒಡೆದ ಲಾರಿಯೊಂದು ನಿಂತಿತ್ತು. ಅದರ ಹಿಂದೆ ಡ್ರೈವರ್ ಗುರುತಿಗೆ ಕಲ್ಲು ಸಾಲಿಟ್ಟು, ಬೇವಿನ ಟೊಂಗೆ ಮುರಿದು ಹಾಕಿದ್ದ. ಕಾಕಾ ಬಲಕ್ಕೆ ಸರಿಯುತ್ತಾನೆಂದು ಅವಳು ಕಾದಳು. ಸರಿಯಲಿಲ್ಲ. ವೇಗವೂ ತಗ್ಗಲಿಲ್ಲ.

"ಕಾಕಾ, ಬಲಕ್ಕ! ಬಲಕ್ಕ ಹೊಡೀರಿ! ಬ್ರೇಕ್!"

ದಿಗಂಬರ ಆ ಧ್ವನಿಯನ್ನೇ ನಂಬಿ ಹ್ಯಾಂಡಲ್ ತಿರುಗಿಸಿದ. ಮುಂದಿನ ಗಾಲಿ ಒಂದು ಕಲ್ಲನ್ನು ಒದೆದು, ಸ್ಕೂಟಿ ಅಡ್ಡಾದಿಡ್ಡಿ ವಾಲಿ, ಲಾರಿಯ ಮೂಲೆಯನ್ನು ಮೊಳದಂತರದಲ್ಲಿ ತಪ್ಪಿಸಿಕೊಂಡು ನಿಂತಿತು. ಇಬ್ಬರೂ ಕಾಲು ಕೊಟ್ಟು ಹೇಗೋ ಬೀಳದೆ ಉಳಿದರು. ಲಾರಿಯ ನೆರಳಲ್ಲಿ ಕೂತಿದ್ದ ಡ್ರೈವರ್ ಎದ್ದು ಬಂದು ಬಾಯಿ ಮಾಡಿದ: "ಕಣ್ಣ ಇಲ್ಲೇನಲೇ ಮುದುಕಾ! ಮನ್ಯಾಗ ಕುಂದ್ರಾಕ ಏನಾಗ್ಯದ ನಿನಗ!"

ಜಿಲ್ಲೆಯ ಯಾವ ರಸ್ತೆಯಲ್ಲೂ ಒಂದು ಬೈಗುಳಕ್ಕೆ ಎರಡು ಕೊಡದೆ ಮುಂದೆ ಹೋದವನಲ್ಲ ದಿಗಂಬರ. ಆ ದಿನ ಮಾತ್ರ ಸ್ಕೂಟಿಗೆ ಸ್ಟ್ಯಾಂಡ್ ಹಾಕಿ, ಇಳಿದು, ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಆಮ್ರಪಾಲಿಯೂ ಇಳಿದು ಅವನ ಪಕ್ಕಕ್ಕೆ ಬಂದಳು.

"ಕಲ್ಲು ಸಣ್ಣವಿದ್ವುರಿ ಕಾಕಾ," ಎಂದಳು. "ನನಗೂ ತಡಾ ಮಾಡಿ ಕಂಡ್ವು."

"ಕಲ್ಲಿನ ಮಾತ ಬಿಡು," ಎಂದ ದಿಗಂಬರ. "ನನಗ ಲಾರಿನ ಕಾಣಲಿಲ್ಲ."

ಅವಳಿಗೆ ಆಗ ಎಲ್ಲ ಹೊಳೆಯಿತು. ಕಣ್ಣು ತೆರೆದು ಕೂರು ಎಂದ ಕಾಕಿಯ ಮಾತು, ಬಸಿಯ ಹೊರಗೆ ಬೀಳುವ ಚಹಾ, ನಕ್ಷೆಯ ಕೆಳಗೆ ಕೂರುತ್ತಾನೆಯೇ ಹೊರತು ಎಂದೂ ಅದರ ಮುಂದೆ ನಿಂತು ನೋಡದ ಕಾಕಾ. ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ದಿನ ಮುಚ್ಚಿಟ್ಟು ಹೆದ್ದಾರಿಗೆ ಇಳಿದನಲ್ಲ ಈ ಮನುಷ್ಯ! ತನ್ನ ಜೀವದ ಜೊತೆ ಇವಳದೂ ಹೋಗುತ್ತಿತ್ತು. ಬೈಯಬೇಕೆಂದು ಬಾಯಿ ತೆರೆದಳು. ಅವನು ಹೆಲ್ಮೆಟ್ಟನ್ನು ಅವಳ ಕಡೆ ಚಾಚಿದ್ದ.

"ನೀ ಓಡಸು."

ಉಳಿದರ್ಧ ದಾರಿಯನ್ನು ಅವಳು ಓಡಿಸಿದಳು. ಅವನು ಹಿಂದೆ ಕೂತು ಅವಳ ಭುಜದ ಮೇಲೆ ಕೈಯಿಟ್ಟಿದ್ದ. ಕಾಲೇಜಿಗೆ ಸೇರಿಸಲು ಹೊರಟ ದಿನ ಓಡಿಸಿದವನು ಅವನು, ಕೂತವಳು ಅವಳು. ಬೈಪಾಸ್ ಮುಗಿದು ಹೈದರಾಬಾದಿನ ಕಡೆಯ ಹೆದ್ದಾರಿಗೆ ಕೂಡುವಲ್ಲಿ ಅವಳು ನಿಲ್ಲಿಸಿ, ಸಾಧ್ಯವಾದಷ್ಟು ಹಗುರಾಗಿ ಹೇಳಿದಳು: "ಆತ್ರಿ ಕಾಕಾ. ಈ ತುದಿಲಿಂದ ಆ ತುದಿ. ಕಾನೂನಿನ ಪ್ರಕಾರ ಪೂರಾ. ಇವತ್ತ ಹಾಕಿಬಿಡ್ತೀನಿ."

"ಎಲ್ಲೀತನಕ ನನ್ನ ಕೈಯಾಗಿತ್ತೋ ಅಲ್ಲೀತನಕ ಹಾಕು."

"ನಡು ರಸ್ತೆಗೆ ಹಾಕಾಕ ಬರಂಗಿಲ್ರಿ. ಅಲ್ಲಿ ಚುಕ್ಕಿ ಇಲ್ಲ."

ದಿಗಂಬರ ತಲೆ ಆಡಿಸಿದ. "ಹೌದಲ್ಲ. ನೀನ ಹೇಳಿದ್ದಿ. ಅಲ್ಲಿ ಏನೂ ಇಲ್ಲ." ಅದರಲ್ಲಿ ಕುಟುಕಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಹಂಗಾದ್ರ ಬೈಪಾಸ್ ಖಾಲಿ ಬಿಡು. ನಂದಲ್ಲದ್ದು ನನಗ ಬ್ಯಾಡ."

ಅವನನ್ನು ಬಸ್ಸಿಗೆ ಹತ್ತಿಸಿ ಬಂದು ಆಮ್ರಪಾಲಿ ಊಟಕ್ಕೂ ಏಳದೆ ಕಂಪ್ಯೂಟರಿನ ಮುಂದೆ ಕೂತಳು. ಮೊದಲು ಊರೊಳಗಿನ ಹಳೆಯ ರಸ್ತೆಯನ್ನು ಬೇರೆಯಾಗಿ ಮಾಡಿ ಕಾಕಾನ ಹೆಸರಿಗೆ ಕೊಟ್ಟಳು. ಆಮೇಲೆ ಉಪಗ್ರಹದ ಚಿತ್ರ ತೆರೆದು, ತೊಗರಿ ಹೊಲಗಳ ನಡುವೆ ಬೈಪಾಸಿನ ಗುಂಟ ಬೆರಳಾಡಿಸಿ, ಆ ಜಾಗವನ್ನು ಹುಡುಕಿದಳು. ಲಾರಿ ಚಿತ್ರದಲ್ಲಿಲ್ಲ. ರಸ್ತೆಗೆ ಕೂಡುವ ಒಂದು ಕಾಲುದಾರಿಯೂ ಇಲ್ಲ. ಜಿಲ್ಲೆಯ ತುಂಬ ಇಂಥ ಚುಕ್ಕಿಗಳನ್ನು ಹೆಕ್ಕಿ ಎಸೆದವಳು ಅಲ್ಲೊಂದು ಚುಕ್ಕಿ ಇಟ್ಟಳು, ಅದಕ್ಕೆ ದಿಗಂಬರ ಎಂದು ಹೆಸರು ಬರೆದಳು, ಕಾಕಾನ ಪ್ರಯಾಣವನ್ನು ಅಲ್ಲಿಗೆ ತಂದು ನಿಲ್ಲಿಸಿದಳು. ಅಲ್ಲಿಯವರೆಗೆ ಕೆಂಪು ಏರಿತು. ಮುಂದಿನದು ಬೂದಿಯಾಗಿ ಉಳಿಯಿತು.

ಪೇಠಕರ್ ಮಾಸ್ತರರ ಕಣ್ಣಿಗೆ ಅದು ಬೀಳಲು ತಡವಾಗಲಿಲ್ಲ. "ಬೈಪಾಸಿನ ನಡುವಿನ ಚುಕ್ಕಿ ಏನು? ಚಿತ್ರದಲ್ಲಿ ಅಲ್ಲಿ ಯಾವ ರಸ್ತೆಯೂ ಕೂಡುವುದಿಲ್ಲ."

"ಕೂಡುವುದಿಲ್ಲ ಸರ್," ಎಂದು ಅವಳು ಬರೆದಳು. "ಒಬ್ಬ ಡ್ರೈವರ್ ಅಲ್ಲಿ ಗಾಡಿ ನಿಲ್ಲಿಸಿ ಇಳಿದರು. ಅವರ ಪ್ರಯಾಣ ಅಲ್ಲಿಗೆ ಮುಗಿದಿದೆ."

ಮಾಸ್ತರರು ಕಾನೂನಿನ ಮನುಷ್ಯ. ಉತ್ತರಕ್ಕೆ ಒಂದು ದಿನ ತೆಗೆದುಕೊಂಡರು. ಆಮೇಲೆ ಬರೆದದ್ದು ಇಷ್ಟೇ: "ಒಬ್ಬರ ಪ್ರಯಾಣ ನಿಂತಿದೆಯೆಂದರೆ ತೆಗೆಯುವಂತಿಲ್ಲ. ಇರಲಿ."

ಅಲ್ಲಾಬಕ್ಷನ ಚುಕ್ಕಿ ಮಾತ್ರ ವಾಪಸ್ಸು ಬರಲಿಲ್ಲ. ಕಂಡಕ್ಟರಿಗೆ ನಕ್ಷೆಯ ಹಂಗಿಲ್ಲ, ಅವನು ಕೂಗುವುದನ್ನು ಬಿಡಲಿಲ್ಲ.

ಹೊಸ ಪ್ರಿಂಟನ್ನು ಆಮ್ರಪಾಲಿಯೇ ಒಯ್ದು ಕೊಟ್ಟಳು. ಆಸಿಫ್ ಅದನ್ನು ಹಳೆಯ ಜಾಗದಲ್ಲೇ ಅಂಟಿಸಿದ. ಕಣ್ಣಿನ ಸಂಗತಿ ಈಗ ಎಲ್ಲರಿಗೂ ಗೊತ್ತಿತ್ತು, ಮುಚ್ಚುವ ದಂದುಗ ತಪ್ಪಿ ದಿಗಂಬರನಿಗೂ ಹಗುರಾಗಿತ್ತು. ಅವನು ಬೆಂಚಿನಿಂದ ಎದ್ದು, ಮೊದಲ ಸಲ ನಕ್ಷೆಯ ಮುಂದೆ ಬಂದು ನಿಂತು, ಬೆರಳು ಚಾಚಿದ. ಆಸಿಫ್ ಆ ಬೆರಳನ್ನು ಹಿಡಿದು ಚುಕ್ಕಿಯ ಮೇಲಿಟ್ಟ.

"ಇಲ್ಲೀತನಕ ಕೆಂಪೇನು?"

"ಇಲ್ಲೀತನಕ, ಉಸ್ತಾದ್."

ಗೋಧಿ ಚೀಲ ಕಾಲ ಹತ್ತಿರ ಇಟ್ಟುಕೊಂಡು ಚಹಾ ಕುಡಿಯುತ್ತಿದ್ದ ಹುಲಸೂರಿನ ಗಿರಾಕಿಯೊಬ್ಬ ಇದನ್ನೆಲ್ಲ ನೋಡುತ್ತಿದ್ದ. ಕೇಳದೆ ಇರಲಾಗಲಿಲ್ಲ ಅವನಿಗೆ. "ಇಡೀ ಜಿಲ್ಲಾ ಓಡಿಸೀರಿ, ಇಷ್ಟ ಇಷ್ಟು ಯಾಕ ಬಿಟ್ರಿ ಅಣ್ಣಾ?"

"ಬಿಟ್ಟಿಲ್ಲ ತಮ್ಮಾ," ಎಂದ ದಿಗಂಬರ, ಬೆರಳು ತೆಗೆಯದೆ. "ಅಲ್ಲಿಂದ ಮುಂದ ನಮ್ಮ ಹುಡುಗಿ ಓಡಿಸ್ಯಾಳ."